ಅಟ್ಟೆ ಯಾರದು?

ಚಪ್ಪಲಿ ಕಚ್ಚುತ್ತದೆ ಎನ್ನುವವರು ನಾವು. ಹೊಸ ಮೆಟ್ಟು ನಾಲ್ಕು ದಿನ ಕಚ್ಚಿ ಆಮೇಲೆ ಸುಮ್ಮನಾಗುತ್ತದೆ, ಅಲ್ಲಿಯವರೆಗೆ ತಾಳಿಕೊಳ್ಳಬೇಕು ಎಂಬ ಬುದ್ಧಿವಾದವೂ ನಮ್ಮದೇ. ಸಂತೆಗೋ ಮದುವೆಗೋ ಒಂದು ಗಳಿಗೆ ಮೆಟ್ಟಿ ಹೋಗಿ ಬರುವವರಿಗೆ ಅಷ್ಟು ಸಾಕಾಗುತ್ತಿತ್ತು. ಆದರೆ ದಿನಕ್ಕೆ ಎಂಟು ಒಂಬತ್ತು ಗಂಟೆ ನಿಂತೇ ಹೊಟ್ಟೆ ಹೊರೆಯುವವರಿಗೆ? ಆಸ್ಪತ್ರೆ, ಹೋಟೆಲುಗಳ ಬಾಗಿಲಲ್ಲಿ ಕೌಂಟರಿನ ಹಿಂದೆ ನಿಂತು ನಮ್ಮನ್ನು ಎದುರುಗೊಳ್ಳುವ ಹುಡುಗಿಯರ ನಗು ನಮಗೆ ಕಾಣುತ್ತದೆ. ಕಾಲು ಮಾತ್ರ ಮರೆಯಲ್ಲೇ ಉಳಿಯುತ್ತದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೋಟೆಲೊಂದರಲ್ಲಿ ಸ್ವಾಗತಕಾರಿಣಿಯಾಗಿ ಸೇರಿದಳು. ಕಪ್ಪು ಬಣ್ಣದ, ಎತ್ತರದ ಹಿಮ್ಮಡಿಯ ಷೂ ಆಗಬೇಕೆಂದು ಅಲ್ಲಿ ಹೇಳಿದ್ದರಂತೆ. "ಟೀಚರ್, ಕಾಲು ನನ್ನದು, ಸಂಬಳ ಅವರದು. ಯಾರ ಮಾತು ನಡೆಯಬೇಕು?" ಎಂದು ಕೇಳಿದಳು. ತಮಾಷೆಗೆ ಕೇಳಿದ್ದಾದರೂ ಪ್ರಶ್ನೆ ತಮಾಷೆಯದಲ್ಲ.

ಮಾಲೀಕರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಬಂದವರ ಎದುರು ಅಚ್ಚುಕಟ್ಟಾಗಿರುವುದು ಅವರಿಗೆ ತೋರುವ ಮರ್ಯಾದೆಯೇ. ಇಸ್ತ್ರಿ ಇಲ್ಲದ ಸೀರೆಯುಟ್ಟು ತರಗತಿಗೆ ಹೋಗಲು ನನಗೂ ಮನಸ್ಸು ಬಾರದು. ಆದರೆ ರಾತ್ರಿ ಹೊತ್ತು ರೋಗಿಯನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದ ಯಾರಾದರೂ ಕೌಂಟರಿನ ಹುಡುಗಿಯ ಹಿಮ್ಮಡಿ ಎಷ್ಟು ಎತ್ತರವಿತ್ತೆಂದು ನೋಡಿದ್ದಾರೆಯೇ? ನೀವೇ ಹೇಳಿ.

ಲಂಡನ್ನಿನಲ್ಲಿ 2015ರ ಡಿಸೆಂಬರಿನಲ್ಲಿ ನಿಕೋಲಾ ಥಾರ್ಪ್ ಎಂಬಾಕೆ ಇಂಥದೇ ಕೆಲಸಕ್ಕೆ ಹೋದಾಗ, ಎರಡರಿಂದ ನಾಲ್ಕು ಇಂಚಿನ ಹಿಮ್ಮಡಿ ಬೇಕೆಂದರು. ಆಕೆ ಒಪ್ಪಲಿಲ್ಲ, ಸಂಬಳವಿಲ್ಲದೆ ಮನೆಗೆ ಕಳುಹಿಸಿದರು. ಆಕೆ ಹೂಡಿದ ಮನವಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು, 2017ರಲ್ಲಿ ಪಾರ್ಲಿಮೆಂಟಿನಲ್ಲಿ ಚರ್ಚೆಯೂ ಆಯಿತು. ಕೊನೆಗೆ ಸರ್ಕಾರ, ಇರುವ ಕಾಯಿದೆಯೇ ಸಾಕು ಎಂದಿತು. ಗಂಡಸು ಚಪ್ಪಟೆ ಷೂ ಹಾಕಿ ಗೌರವಸ್ಥನಾಗಿ ಕಾಣಬಹುದಾದರೆ ಹೆಂಗಸು ಏಕೆ ಕಾಣಬಾರದು ಎಂಬ ಸರಳ ಮಾತಿಗೆ ಇಷ್ಟು ದೂರ ಹೋಗಬೇಕಾಯಿತು.

ನಮ್ಮ ಕಡೆ ಮೆಟ್ಟಿನ ಕಥೆ ಇನ್ನೂ ಕಹಿ. ಮೇಲ್ಜಾತಿಯವರ ಕೇರಿಯಲ್ಲಿ ದಲಿತರು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು; ಅದನ್ನು ಹೊಲಿದವರೂ ಅವರೇ. ಅಲ್ಲಿ ಹಾಕಬೇಡವೆಂಬ ಅಪ್ಪಣೆ, ಇಲ್ಲಿ ಇಂಥದನ್ನೇ ಹಾಕೆಂಬ ಅಪ್ಪಣೆ. ಎರಡೂ ಒಂದೇ ತೂಕದವೆಂದು ನಾನು ಹೇಳುತ್ತಿಲ್ಲ. ಅದು ಹುಟ್ಟಿಗೆ ಅಂಟಿದ ಅವಮಾನ, ಇದು ಬಿಟ್ಟು ಹೋಗಬಹುದಾದ ಕೆಲಸ (ಮನೆಯಲ್ಲಿ ಬೇರೆ ಸಂಪಾದನೆ ಇದ್ದರೆ!). ಆದರೂ ಒಬ್ಬರ ಪಾದದ ಮೇಲೆ ಇನ್ನೊಬ್ಬರ ಹಕ್ಕು ಎಲ್ಲಿಯವರೆಗೆ ಎಂಬ ಪ್ರಶ್ನೆ ಎರಡರಲ್ಲೂ ಇದೆ.

ನನಗೆ ತೋಚಿದ ಗಡಿ ಇದು: ಷೂವಿನ ಮೇಲ್ಭಾಗ ನೋಡುವವರದು, ಅಟ್ಟೆ ನಿಲ್ಲುವವರದು. ಕಪ್ಪಾಗಿರಲಿ, ಮುಚ್ಚಿರಲಿ, ಪಾಲಿಷ್ ಹಚ್ಚಿರಲಿ. ಅಲ್ಲಿಯವರೆಗೆ ಮಾಲೀಕರು ಹೇಳಬಹುದು. ಹಿಮ್ಮಡಿ ಏರಿದಷ್ಟೂ ಮೈಭಾರವೆಲ್ಲ ಮುಂಗಾಲಿನ ಮೇಲೆ ಬೀಳುತ್ತದೆ. ಪಾಲಿಷ್ ಮಾಡಿದ ಗ್ರಾನೈಟಿನ ಮೇಲೆ ಫಿನಾಯಿಲ್ ನೀರಿನಲ್ಲಿ ಒರೆಸಿದ ತೇವ, ಮಳೆಗಾಲವಾದರೆ ಬಂದವರ ಕೊಡೆಗಳಿಂದ ತೊಟ್ಟಿಕ್ಕುವ ನೀರು. ನುಣುಪು ಅಟ್ಟೆಯ ಅಡಿಯಲ್ಲಿ ಆ ನೀರಿಗೆ ಹೋಗಲು ದಾರಿಯಿರುವುದಿಲ್ಲ, ಕಾಲು ಅದರ ಮೇಲೆ ತೇಲಿ ಜಾರುತ್ತದೆ. ಮೆದು ರಬ್ಬರಿನಲ್ಲಿ ಗೀರುಗಳಿದ್ದರೆ ನೀರು ಅವುಗಳೊಳಗೆ ಸರಿದು ರಬ್ಬರು ನೆಲ ಹಿಡಿಯುತ್ತದೆ. ಗೀರು ಸವೆದ ದಿನ ಷೂ ನೋಡಲು ಹೊಸದಿದ್ದರೂ ಅದರ ಆಯುಸ್ಸು ಮುಗಿದಂತೆಯೇ.

ಸಂಜೆ ಹೊತ್ತು ಅಂಗಡಿಗೆ ಹೋಗು ಎಂದೆ. ದಿನವೆಲ್ಲ ನಿಂತ ಕಾಲು ಆಗ ಸ್ವಲ್ಪ ಊದಿರುತ್ತದೆ, ಅಳತೆ ಮೋಸವಾಗುವುದಿಲ್ಲ. ಎರಡೂ ಕಾಲಿಗೆ ಹಾಕಿ ನಿಂತು ನೋಡಬೇಕು, ಬೆರಳ ಮುಂದೆ ಹೆಬ್ಬೆರಳಗಲ ಜಾಗವಿರಬೇಕು. ಬಗ್ಗಿಸಿದರೆ ಷೂ ಬೆರಳುಗಳ ಬುಡದಲ್ಲಿ ಬಗ್ಗಬೇಕೇ ಹೊರತು ನಡುವಿನಲ್ಲಿ ಅಲ್ಲ. ಹಿಮ್ಮಡಿ ಒಂದಿಂಚು ಸಾಕು, ಅಗಲವಾಗಿರಲಿ. ಕಚ್ಚುವುದನ್ನು ಪಳಗಿಸುತ್ತೇನೆಂದು ಕೊಳ್ಳಬೇಡ, ಪಳಗುವುದು ಕಾಲೇ.

ಅವಳು ಅಂಥದನ್ನೇ ಕೊಂಡಳು. ಮೇಲ್ವಿಚಾರಕರು ಒಮ್ಮೆ ಬಗ್ಗಿ ನೋಡಿ, ಕಪ್ಪಾಗಿದೆಯಲ್ಲ ಎಂದು ಸುಮ್ಮನಾದರಂತೆ. ಆದರೆ ಎಷ್ಟು ಒಳ್ಳೆಯ ಷೂ ಆದರೂ ನಿಂತ ಕಾಲನ್ನು ಕೂತ ಕಾಲಾಗಿ ಮಾಡೀತೇ? ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ಕೆಲಸಗಾರರಿಗೆ ಕೂರಲು ಆಸನ ಕೊಡಬೇಕೆಂದು ಕಾಯಿದೆಯನ್ನೇ ತಿದ್ದಿದರು. ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಲ್ಲುತ್ತಿದ್ದ ಹೆಂಗಸರು ಕೇರಳದಲ್ಲಿ ವರ್ಷಗಟ್ಟಲೆ ಹೋರಾಡಿದ ಫಲ ಅದು. ಇದನ್ನು ನಮ್ಮ ಹುಡುಗಿಗೆ ಹೇಳಿದ್ದೇನೆ. ಜನರಿಲ್ಲದ ಹೊತ್ತಿನಲ್ಲಿ ಕೂರಲು ಕೌಂಟರಿನ ಹಿಂದೆ ಒಂದು ಸ್ಟೂಲು ಬೇಕೆಂದು ಅವಳೂ ಜೊತೆಯವಳೂ ಅರ್ಜಿ ಕೊಟ್ಟಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.