ಕೇಳದಿದ್ದರೂ ಹೇಳಬೇಕೇ?



ರಾಯಾಪುರದ ಹಳೆಯ ಮನೆಯೊಂದನ್ನು ಆಶೀರ್ವದಿಸಲು ಹೋಗಿದ್ದೆ. ಹೊಸ ಬಾಡಿಗೆದಾರರು ಬರುವವರಿದ್ದರು. ಒಳಕೋಣೆಯ ಗೋಡೆಗೆ ಆಗಷ್ಟೇ ಬಣ್ಣ ಬಳಿದಿತ್ತು. ಯಜಮಾನರು ಮೆಲ್ಲನೆ ಕೇಳಿದರು: “ಫಾದರ್, ಮಳೆಗಾಲದಾಗ ಈ ಗೋಡಿ ಹಸಿ ಹಿಡಿತೈತಿ. ಅವರು ಕೇಳಿಲ್ಲ. ನಾವಾಗೇ ಹೇಳಬೇಕೇನ್ರಿ?”

ಮೊದಲು ಗೋಡೆಯನ್ನೇ ನೋಡೋಣ. ದೀಪದ ಬತ್ತಿ ಎಣ್ಣೆ ಹೀರುವಂತೆ, ಕಲ್ಲು-ಮಣ್ಣಿನ ಹಳೆಯ ಗೋಡೆ ನೆಲದ ನೀರನ್ನು ಮೇಲಕ್ಕೆ ಎಳೆಯುತ್ತದೆ. ಸುಣ್ಣದ ಗಾರೆಯಿದ್ದರೆ ಆ ತೇವ ಆರಿಹೋಗುತ್ತದೆ. ಮೇಲೆ ಸಿಮೆಂಟ್, ಎಣ್ಣೆಬಣ್ಣ ಬಳಿದರೆ ಒಳಗೇ ಉಳಿದು ಇನ್ನಷ್ಟು ಮೇಲೇರುತ್ತದೆ. ಬಿಳಿ ಉಪ್ಪು ಉಕ್ಕಿ ಬಣ್ಣ ಹಪ್ಪಳದಂತೆ ಏಳುತ್ತದೆ. ಆ ಕೋಣೆಯಲ್ಲಿ ಬೂಷ್ಟು ಬೆಳೆದರೆ ಉಬ್ಬಸವಿರುವ ಮಗುವಿಗೆ ಕಷ್ಟ ಹೆಚ್ಚುತ್ತದೆ.

13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ಮಾರಾಟದ ನ್ಯಾಯವನ್ನು ವಿವರಿಸುವಾಗ, ಬೀಳುವಂತಿರುವ ಮನೆಯನ್ನು ಗಟ್ಟಿಯೆಂದು ಮಾರುವವನ ಉದಾಹರಣೆ ಕೊಡುತ್ತಾರೆ. ಕಣ್ಣಿಗೆ ಕಾಣುವ ದೋಷವನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಬೆಲೆ ಇಳಿಸಿದರೆ ಸಾಕು. ಹಾನಿ ತರುವ, ಕಾಣದ ದೋಷವನ್ನು ಮಾತ್ರ ಹೇಳಲೇಬೇಕು. ಬಾಡಿಗೆಗೂ ಇದೇ ಅಳತೆ ಸಲ್ಲುತ್ತದೆ.

ಹಾಗಾದರೆ “ಅವರು ಕೇಳಿಲ್ಲ” ಎಂಬ ಮಾತು ನಿಲ್ಲುತ್ತದೆಯೇ? ಕಲೆ ಕಂಡಿದ್ದರೆ ಅವರು ಖಂಡಿತ ಕೇಳುತ್ತಿದ್ದರು. ಕಾಣುತ್ತಿದ್ದ ದೋಷವನ್ನು ಕಾಣದಂತೆ ಮಾಡಿದ್ದು ನಮ್ಮ ಬಣ್ಣ. ಹೇಳುವ ಹೊಣೆಯೂ ಆಗಲೇ ನಮ್ಮ ಹೆಗಲೇರಿತು.

ಯಾಜಕಕಾಂಡದ 14ನೇ ಅಧ್ಯಾಯವನ್ನು ಓದಿ ನೋಡಿ. ಗೋಡೆಯಲ್ಲಿ ಕಲೆ ಕಂಡಾಗ ಮನೆಯ ಯಜಮಾನನೇ ಹೋಗಿ ಯಾಜಕನಿಗೆ ತಿಳಿಸಬೇಕು. ಯಾಜಕ ಬಂದು ಪರೀಕ್ಷಿಸಿ, ಮನೆಯನ್ನು ಏಳು ದಿನ ಮುಚ್ಚಿಸುತ್ತಾನೆ. ಕಲೆ ಹರಡಿದ್ದರೆ ಆ ಕಲ್ಲುಗಳನ್ನು ಕಿತ್ತು, ಒಳಗೋಡೆಯನ್ನೆಲ್ಲ ಕೆರೆಸಿ, ಹೊಸ ಕಲ್ಲಿಟ್ಟು ಹೊಸದಾಗಿ ಗಾರೆ ಬಳಿಸಬೇಕು. ಕಲೆಯ ಮೇಲೆಯೇ ಬಳಿದು ಮುಚ್ಚುವ ದಾರಿ ಅಲ್ಲಿಲ್ಲ.

“ಬಾಡಿಗೆಯೇ ನಮಗೆ ಜೀವನ, ಫಾದರ್” ಎಂದರು ಯಜಮಾನರು. ಅದೂ ನಿಜ. ದುರಸ್ತಿಗೆ ಹಣ ಬೇಕು. ಆದರೆ ನಮ್ಮ ಅಡಚಣೆಯ ಬೆಲೆಯನ್ನು ಇನ್ನೊಬ್ಬರ ಮಗು ತನ್ನ ಉಸಿರಿನಿಂದ ತೆರಬಾರದು. ಇದ್ದದ್ದನ್ನು ಇದ್ದಂತೆ ಹೇಳಿ. ಬಾಡಿಗೆ ಸ್ವಲ್ಪ ಇಳಿಸಿ. ಒಡೆದ ಹೆಂಚನ್ನೂ ಸೋರುವ ಪೈಪನ್ನೂ ಈಗಲೇ ಸರಿಪಡಿಸಿ, ಗೋಡೆಗೆ ಒತ್ತಿಕೊಂಡು ಏರಿದ ಹೊರಗಿನ ಮಣ್ಣನ್ನು ತೆಗೆಸಿ. ಬೇಸಿಗೆಯಲ್ಲಿ ಸಿಮೆಂಟ್ ಕೆರೆಸಿ, ಗೋಡೆ ಚೆನ್ನಾಗಿ ಒಣಗಿದ ಮೇಲೆ ಸುಣ್ಣದ ಗಾರೆ ಮಾಡಿಸಿ.

ನಿಮ್ಮ ಮನೆಯಲ್ಲೂ ಇಂಥ ಗೋಡೆಯಿದ್ದರೆ, ಬಣ್ಣದ ಡಬ್ಬಿ ತೆರೆಯುವ ಮೊದಲು ಬಾಡಿಗೆಗೆ ಬರುವವರನ್ನು ಕರೆದು ಒಮ್ಮೆ ತೋರಿಸಿ.