ಹಿಂದಿರುಗುವ ಸಂಕಲ್ಪ

ಗುಡಿಯ ಜೀರ್ಣೋದ್ಧಾರವು ಮುಗಿದು ಕಳಸವೇರುವ ಈ ಶುಭಸಮಯದಲ್ಲಿ ನಮ್ಮ ದುಧನಿಯ ಭಕ್ತರ ಮನದಲ್ಲಿ ಇನ್ನೊಂದು ಬಯಕೆ ಚಿಗುರಿದೆ. ಬರುವ ಬೇಸಗೆಯಲ್ಲಿ ಕೇದಾರಕ್ಕೆ ಹೋಗಿಬರಬೇಕೆಂಬುದೇ ಆ ಬಯಕೆ. ಸಂಜೆಯಾಯಿತೆಂದರೆ ಗುಡಿಯ ಕಟ್ಟೆಯ ಮೇಲೆ ಕುಳಿತು ರೈಲಿನ ಟಿಕೀಟು, ಉಣ್ಣೆಯ ಬಟ್ಟೆ, ಬುತ್ತಿಯ ರೊಟ್ಟಿ, ಶೇಂಗಾ ಹಿಂಡಿ ಇವೆಲ್ಲವುಗಳ ಲೆಕ್ಕ ನಡೆಯುತ್ತದೆ. ಲೆಕ್ಕ ಬೇಕಾದುದೇ. ಆದರೆ ಆ ಪಟ್ಟಿಯಲ್ಲಿ ಒಂದು ಬಾಬು ಮಾತ್ರ ಬರೆಯದೆ ಉಳಿದಿದೆ. ಬೆಟ್ಟದ ನಡುದಾರಿಯಲ್ಲಿ ನಮ್ಮಲ್ಲೊಬ್ಬರಿಗೆ ಮುಂದೆ ನಡೆಯಲಾಗದೆ ಹೋದರೆ ಉಳಿದವರು ಮಾಡತಕ್ಕದ್ದೇನು? ಹೊತ್ತ ಹರಕೆ ದೊಡ್ಡದೋ, ಜೊತೆಗೆ ಬಂದ ಜೀವ ದೊಡ್ಡದೋ?

ಕೇದಾರವು ನಮಗೆ ದೂರವಾದರೂ ಪರಕೀಯವಲ್ಲ. ಪಂಚಪೀಠಗಳಲ್ಲಿ ಅದೂ ಒಂದು; ಅಲ್ಲಿಯ ರಾವಲರು ವೀರಶೈವ ಪರಂಪರೆಯವರು. ಹಿಮವಂತನ ಮಡಿಲಲ್ಲಿ ಕನ್ನಡದ ಮಾತು ಕಿವಿಗೆ ಬಿದ್ದು ಕಣ್ಣು ಹನಿಗೂಡಿದ ಯಾತ್ರಿಕರು ನಮ್ಮಲ್ಲಿದ್ದಾರೆ. ಆದರೆ ಬೆಟ್ಟವು ಭಾಷೆಯನ್ನು ನೋಡಿ ದಾರಿ ಬಿಡುವುದಿಲ್ಲ. ಗೌರೀಕುಂಡದಿಂದ ಸುಮಾರು 16 ಕಿಲೋಮೀಟರಿನ ಏರುದಾರಿ. ದೇವಾಲಯವಿರುವುದು ಸಮುದ್ರಮಟ್ಟದಿಂದ ಸುಮಾರು 3,580 ಮೀಟರ್ ಎತ್ತರದಲ್ಲಿ. ಅಷ್ಟು ಮೇಲೆ ಒಂದೊಂದು ಉಸಿರಿಗೂ ಸಮುದ್ರತೀರದಲ್ಲಿ ದೊರೆಯುವ ಪ್ರಾಣವಾಯುವಿನ ಮೂರರಲ್ಲಿ ಎರಡು ಪಾಲು ಮಾತ್ರ ದೊರೆಯುತ್ತದೆ. ಬಯಲುಸೀಮೆಯ ಎರೆಹೊಲದಲ್ಲಿ ದಿನವಿಡೀ ದುಡಿಯುವ ಗಟ್ಟಿ ಆಳೂ ಅಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಾಗುತ್ತದೆ. 2013ರ ಜೂನ್ 16 ಮತ್ತು 17ರಂದು ಸುರಿದ ಮಳೆಗೆ ಗುಡಿಯ ಮೇಲ್ಭಾಗದ ಚೋರಾಬಾರಿ ಸರೋವರವು ಒಡೆದು ನುಗ್ಗಿ, ದಾರಿಯ ನಡುವಿನ ರಾಮಬಾಡಾ ಎಂಬ ನೆಲೆಯೇ ಅಳಿಸಿಹೋಯಿತು; ಸಾವಿರಾರು ಜನ ಮಡಿದರು. ಗುಡಿಯ ಬೆನ್ನಿಗೆ ಬಂದು ನಿಂತ ಹೆಬ್ಬಂಡೆಯು ಪ್ರವಾಹವನ್ನು ಸೀಳಿ ಗುಡಿಯನ್ನುಳಿಸಿತು. ಅಲ್ಲಿಂದ ಮುಂದೆ ಹೊಸ ದಾರಿಯನ್ನು ಮಂದಾಕಿನಿಯ ಆಚೆಯ ದಡದಲ್ಲಿ, ಲಿಂಚೋಲಿಯ ಮೇಲಿನಿಂದ ಮಾಡಲಾಯಿತು.

ಆ ಹೊಸ ದಾರಿಯಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕಾಗಿದೆ. ಕೆಲವು ವರುಷಗಳ ಹಿಂದೆ ನಾನೂ ನನ್ನ ದೊಡ್ಡಪ್ಪನ ಮಗನಾದ ಅಣ್ಣನವರೂ ಕೂಡಿ ಹೊರಟಿದ್ದೆವು. ಲಿಂಚೋಲಿಯ ಹತ್ತಿರ ಅವರಿಗೆ ತಲೆ ಸಿಡಿಯತೊಡಗಿತು; ಕುಳಿತರೂ ಏದುಸಿರು ನಿಲ್ಲಲಿಲ್ಲ. “ತಮ್ಮಾ, ನೀ ಹೋಗಿ ಬಾ, ನಾ ಇಲ್ಲೇ ಕುಂದರ್ತೀನಿ” ಎಂದರು. ಆ ಮಾತಿಗಾಗಿಯೇ ನಾನು ಕಾಯುತ್ತಿದ್ದೆನೆಂಬುದನ್ನು ಇಂದು ಮರೆಮಾಚಲಾರೆ. ಹೋದೆ, ದರ್ಶನವೂ ಆಯಿತು. ಮರಳಿ ಬಂದಾಗ ಅವರು ಅಲ್ಲಿರಲಿಲ್ಲ. ಅವರ ತುಟಿ ನೀಲಿಗಟ್ಟಿದ್ದನ್ನು ಕಂಡ ಕುದುರೆಯವನೊಬ್ಬನು, ಮಾತು ತಿಳಿಯದಿದ್ದರೂ, ಅವರನ್ನು ತನ್ನ ಕುದುರೆಯ ಮೇಲೆ ಕೂಡಿಸಿ ಕೆಳಕ್ಕೆ ವೈದ್ಯರ ಬಳಿಗೆ ಒಯ್ದಿದ್ದನು. ಆ ದಿನದ ಗಳಿಕೆಯನ್ನು ಬಿಟ್ಟು ಅವರ ಮಗ್ಗುಲಲ್ಲೇ ಕುಳಿತಿದ್ದನು. ನನ್ನನ್ನು ಕಂಡೊಡನೆ ಅಣ್ಣನವರು ಕೇಳಿದ್ದು ಒಂದೇ ಮಾತು: “ದರ್ಶನ ಆತೇನು?” “ಆತು” ಎಂದೆ. ಅಷ್ಟು ಭಾರವಾದ ಮಾತನ್ನು ನಾನು ಮತ್ತೆಂದೂ ಆಡಿಲ್ಲ. ಅವರು ಗುಣವಾಗಿ ಊರಿಗೆ ಬಂದರು, ಬೈಯಲಿಲ್ಲ. ಬೈದಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತೇನೋ.

ಇದಕ್ಕೆ ಕೆಲವರು ಭಾರತದ ಕಥೆಯನ್ನು ಮುಂದಿಟ್ಟು ಸಮಾಧಾನ ಹೇಳುವುದುಂಟು. ದ್ರೌಪದಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದಾಗ ಧರ್ಮರಾಯನು ಹಿಂದಿರುಗಿ ನೋಡಲಿಲ್ಲವಲ್ಲ ಎಂಬುದು ಅವರ ವಾದ. ನಿಜ. ಆದರೆ ಅವರು ಹೊರಟಿದ್ದು ಮಹಾಪ್ರಸ್ಥಾನಕ್ಕೆ. ರಾಜ್ಯವನ್ನೂ ದೇಹದಾಸೆಯನ್ನೂ ತೊರೆದು, ಮರಳುವ ಎಣಿಕೆಯೇ ಇಲ್ಲದೆ ಹೊರಟವರು ಅವರು. ನಾವಾದರೋ ಮರಳುವ ಟಿಕೀಟನ್ನೂ ತೆಗೆಸಿಕೊಂಡು ಹೊರಟ ಸಂಸಾರಿಗಳು. ಅದೂ ಅಲ್ಲದೆ, ಅದೇ ಧರ್ಮರಾಯನು ಸ್ವರ್ಗದ ರಥವು ಎದುರಿಗೆ ಬಂದು ನಿಂತಾಗ, ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಏರಲಾರೆನೆಂದನು. ಆ ಕಥೆಯ ಕಡೆಯ ಪರೀಕ್ಷೆ ಅದೇ. ನಮ್ಮ ಮರಾಠಿ ಮನೆಗಳಲ್ಲಿ ಹೇಳುವ ಏಕನಾಥ ಮಹಾರಾಜರ ಕಥೆಯೂ ಇದನ್ನೇ ಸಾರುತ್ತದೆ. ರಾಮೇಶ್ವರಕ್ಕೆಂದು ಕಾವಡಿಯಲ್ಲಿ ಹೊತ್ತು ತಂದ ಗಂಗೋದಕವನ್ನು ಅವರು ಬಾಯಾರಿ ಬಿದ್ದ ಕತ್ತೆಗೆ ಕುಡಿಸಿದರು. ತಮ್ಮ ಅಭಿಷೇಕವು ಅಲ್ಲಿಯೇ ಸಂದಿತೆಂದು ತಿಳಿದರು.

ಹಾಗಾದರೆ ಅರ್ಧದಾರಿಯಿಂದ ಮರಳಿದವನ ಹರಕೆ ಮುರಿದಂತಲ್ಲವೆ? ನಮ್ಮ ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ನೆನೆಯೋಣ. ಬಾಲಕ ಸಿದ್ಧರಾಮನು ಮಲ್ಲಯ್ಯನನ್ನು ಅರಸುತ್ತ ಶ್ರೀಶೈಲಕ್ಕೆ ಹೋಗಿ, ಕಾಣದೆ ಕಂಗೆಟ್ಟು ಕಮರಿಗೆ ಹಾರಹೊರಟಾಗ ಮಲ್ಲಿನಾಥನು ಕೈಹಿಡಿದನು. ‘ಇಲ್ಲಿಯೇ ಇರು’ ಎನ್ನದೆ ಊರಿಗೆ ಮರಳಿಸಿದನು. ಆ ಮರಳಿಕೆಯಿಂದಲೇ ಸೊನ್ನಲಿಗೆಯಲ್ಲಿ ಕೆರೆಯಾಯಿತು, ಅರುವತ್ತೆಂಟು ಲಿಂಗಗಳ ಪ್ರತಿಷ್ಠೆಯಾಯಿತು. ಇನ್ನು ಕೇದಾರನಾಥನೇ ಏನು ಮಾಡುತ್ತಾನೆ? ಕಾರ್ತಿಕದಲ್ಲಿ ಬಾಗಿಲು ಮುಚ್ಚಿ, ಉತ್ಸವಮೂರ್ತಿಯು ಡೋಲಿಯಲ್ಲಿ ಊಖೀಮಠಕ್ಕೆ ಇಳಿದುಬಂದು ಆರು ತಿಂಗಳು ಅಲ್ಲಿಯೇ ಪೂಜೆಗೊಳ್ಳುತ್ತದೆ. ಕಾಲವನ್ನರಿತು ದೇವನೇ ಇಳಿದುಬರುವ ಬೆಟ್ಟದಿಂದ ಭಕ್ತನು ಇಳಿದುಬಂದರೆ ಅದರಲ್ಲಿ ಅವಮಾನವೇನು?

ಆದುದರಿಂದ ಸಂಕಲ್ಪ ಮಾಡುವಾಗಲೇ ಮರಳುವ ಸಂಕಲ್ಪವನ್ನೂ ಸೇರಿಸಿಕೊಳ್ಳಬೇಕು. ಮೇಲೆ ಹೋದಮೇಲೆ ತೀರ್ಮಾನಿಸಿದರಾಯಿತು ಎನ್ನಬಾರದು. ಅಲ್ಲಿ ಉಸಿರು ಕಡಿಮೆ, ಆಸೆ ಹೆಚ್ಚು. ಗುಡಿ ಇನ್ನೇನು ಬಂತೆಂಬ ಸೆಳೆತದಲ್ಲಿ ವಿವೇಕವು ನಿಲ್ಲುವುದಿಲ್ಲ. ಧರ್ಮವನ್ನು ನಿಶ್ಚಯಿಸಬೇಕಾದುದು ಈ ಕಟ್ಟೆಯ ಮೇಲೆ, ತಣ್ಣಗಿನ ಮನಸ್ಸಿನಿಂದ. ಹಿರಿಯರೊಬ್ಬರಿಗೆ ಕಿರಿಯರೊಬ್ಬರು ಜೊತೆಯಿರಲಿ. ಒಬ್ಬರು ಇಳಿದರೆ ಇಬ್ಬರೂ ಇಳಿಯಲಿ. ಒಂದೇ ದಿನದಲ್ಲಿ ಏರಿಬಿಡುವ ಹಟ ಬೇಡ. ತಲೆನೋವು, ವಾಂತಿ, ಕುಳಿತಲ್ಲಿಯೂ ಏದುಸಿರು ಕಂಡರೆ ಮೇಲಕ್ಕೆ ಹೆಜ್ಜೆಯಿಡಬಾರದು; ತಡಮಾಡದೆ ಕೆಳಗಿಳಿಯುವುದೇ ಮೊದಲ ಮದ್ದು. ನಡೆಯಲಾರದವರು ವಾಹನ ಹೋಗುವ ಊಖೀಮಠದಲ್ಲಿ ಓಂಕಾರೇಶ್ವರನಿಗೆ ಕೈಮುಗಿದು ಬರಲಿ.

ಊರಿನಲ್ಲಿ ಉಳಿಯುವ ನಮಗೂ ಒಂದು ಕರ್ತವ್ಯವುಂಟು. ಮರಳಿ ಬಂದವರನ್ನು “ದರ್ಶನವಾಯಿತೆ?” ಎಂದು ಮೊದಲು ಕೇಳಬಾರದು. ಆ ಪ್ರಶ್ನೆಯ ಅಂಜಿಕೆಯೇ ಎಷ್ಟೋ ಜನರನ್ನು ಶಕ್ತಿಮೀರಿ ಮೇಲಕ್ಕೆ ತಳ್ಳುತ್ತದೆ. “ಎಲ್ಲರೂ ಕೂಡಿ ಬಂದಿರಾ?” ಎಂದು ಕೇಳೋಣ. ಶಿಖರ ಕಂಡವರಿಗೂ ನಡುದಾರಿಯಿಂದ ಮರಳಿದವರಿಗೂ ಈ ಹೊಸ ಬಾಗಿಲಲ್ಲಿ ಒಂದೇ ಆರತಿ ಬೆಳಗೋಣ. ಕೇದಾರನಾಥನು ಎಲ್ಲರನ್ನೂ ಕರೆಸಿಕೊಳ್ಳಲಿ, ಎಲ್ಲರನ್ನೂ ಕ್ಷೇಮದಿಂದ ಕಳುಹಿಸಿಕೊಡಲಿ.