ಅಟ್ಟವೂ ಅಪರಿಗ್ರಹವೂ

ಪದಾರ್ಥಗಳನ್ನು ಕೂಡಿಡುವುದು ಗುಣವೋ ದೋಷವೋ ಎಂಬ ಪ್ರಶ್ನೆ ಬಹು ಹಳೆಯದು. ಇರುವೆಯನ್ನು ತೋರಿಸಿ ಮುಂದಾಲೋಚನೆಯನ್ನು ಕಲಿಯೆಂದು ಹೇಳುವ ಲೋಕವೇ ಜೇನುನೊಣವನ್ನು ತೋರಿಸಿ, ಕೊಡದೆ ಕೂಡಿಟ್ಟದ್ದು ಕಡೆಗೆ ಕಂಡವರ ಪಾಲಾಗುವುದೆಂದು ಎಚ್ಚರಿಸುತ್ತದೆ. ಶಾಸ್ತ್ರದಲ್ಲಿಯೂ ಈ ದ್ವೈಧವುಂಟು. ಪತಂಜಲಿಯ ಯೋಗಸೂತ್ರವು ಐದು ಯಮಗಳಲ್ಲಿ ಅಪರಿಗ್ರಹವನ್ನು ಎಣಿಸಿದೆ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ಗೃಹಸ್ಥನಾದ ಬ್ರಾಹ್ಮಣನನ್ನು ಕುಸೂಲಧಾನ್ಯಕ, ಕುಂಭೀಧಾನ್ಯಕ, ತ್ರ್ಯಹೈಹಿಕ, ಅಶ್ವಸ್ತನಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಕಣಜ ತುಂಬ ಧಾನ್ಯವುಳ್ಳವನು ಮೊದಲನೆಯವನು. ಮಡಕೆ ತುಂಬ ಉಳ್ಳವನು ಎರಡನೆಯವನು. ಮೂರು ದಿನಕ್ಕೆ ಸಾಲುವಷ್ಟು ಉಳ್ಳವನು ಮೂರನೆಯವನು. ನಾಳೆಗೆಂದು ಏನನ್ನೂ ಇಡದವನು ನಾಲ್ಕನೆಯವನು. ಇವರಲ್ಲಿ ಮುಂದುಮುಂದಿನವನೇ ಶ್ರೇಷ್ಠನೆಂದು ಅಲ್ಲಿಯ ನಿರ್ಣಯ. ಇತ್ತ ‘ಯೋಗಕ್ಷೇಮ’ವೆಂಬ ಮಾತನ್ನು ವಿವರಿಸುವಾಗ, ಇಲ್ಲದ್ದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡುವುದು ಕ್ಷೇಮ ಎಂದು ಹಿರಿಯರು ಹೇಳಿದ್ದಾರೆ. ಕಾಪಾಡುವುದು ಕ್ಷೇಮವಾದರೆ ಇಡದಿರುವುದು ಶ್ರೇಷ್ಠವಾಗುವುದು ಹೇಗೆ?

ಈ ವಿರೋಧಕ್ಕೆ ಸಮಾಧಾನವನ್ನು ಗ್ರಂಥಗಳಲ್ಲಿ ಮಾತ್ರವೇ ಹುಡುಕಬೇಕಾಗಿಲ್ಲ. ನಾಳೆಗೆ ಇಡದವನು ಪೂಜ್ಯನೆಂಬುದು ನಿಜ. ಆದರೆ ಅವನ ಇಂದಿನ ಊಟವು ಯಾವನೋ ಒಬ್ಬ ಒಕ್ಕಲಿಗನ ಕಣಜದಿಂದಲೇ ಬರತಕ್ಕದ್ದು. ಎಲ್ಲರೂ ಅಶ್ವಸ್ತನಿಕರಾದರೆ ಭಿಕ್ಷೆ ಬೇಡುವವರು ಮಾತ್ರ ಉಳಿದಾರು, ನೀಡುವವರಿರಲಾರರು. ಹಳೆಯ ಮೈಸೂರಿನ ಸೀಮೆಯವರು ನೆಲವನ್ನಗೆದು ಹಗೇವು ಮಾಡಿ ಅದರಲ್ಲಿ ರಾಗಿಯನ್ನು ತುಂಬಿಡುತ್ತಿದ್ದರು. ಹುಳು ಹಿಡಿಯದ ಆ ಧಾನ್ಯ ವರ್ಷಾನುವರ್ಷ ಕೆಡದೆ ಇರುತ್ತಿತ್ತು. 1876ರಿಂದ 78ರ ವರೆಗೆ ಬಿದ್ದ ಧಾತು-ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಮಡಿದರು. ಅಂತಹ ಕಾಲದಲ್ಲಿ ತುಂಬಿದ ಹಗೇವೆಂಬುದು ಲೋಭದ ಗುರುತಲ್ಲ, ಪ್ರಾಣದ ಗುರುತು.

ಆದರೆ ಅದೇ ಹಗೇವಿನಲ್ಲಿ ಇನ್ನೊಂದು ಪಾಠವೂ ಅಡಗಿದೆ. ಬಹುಕಾಲ ಮುಚ್ಚಿದ್ದ ಹಗೇವಿನೊಳಗೆ ಕೆಟ್ಟ ಗಾಳಿ ಕೂಡಿಕೊಳ್ಳುತ್ತದೆ. ಬಾಯಿ ತೆರೆದೊಡನೆ ಇಳಿದವನು ಉಸಿರುಕಟ್ಟಿ ಸಾಯುವುದುಂಟು. ಆದಕಾರಣ ತಿಳಿದವರು ಮೊದಲು ಅದನ್ನು ತೆರೆದಿಟ್ಟು, ಗಾಳಿಯಾಡಿದ ಮೇಲೆಯೇ ಆಳನ್ನು ಇಳಿಸುತ್ತಿದ್ದರು. ಪ್ರಾಣವುಳಿಸುವ ಧಾನ್ಯವನ್ನಿಟ್ಟ ಗುಂಡಿಯೇ ಪ್ರಾಣ ತೆಗೆಯಬಲ್ಲದು. ಆದಕಾರಣ ಕೂಡಿಟ್ಟರೆ ಸಾಲದು, ಹೇಗೆ ಕೂಡಿಡಬೇಕೆಂಬುದನ್ನೂ ವಿಚಾರಿಸತಕ್ಕದ್ದಾಗಿದೆ.

ಆ ವಿಚಾರಕ್ಕೆ ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಗಿಂತ ಒಳ್ಳೆಯ ದೃಷ್ಟಾಂತ ದೊರೆಯಲಾರದು. ಇಲ್ಲಿಯ ಬಲಿತ ಕಾಯಿ ಮರದಿಂದಿಳಿದು ನೇರವಾಗಿ ಸಂತೆಗೆ ಹೋಗುವುದಿಲ್ಲ; ಅಟ್ಟಕ್ಕೆ ಏರುತ್ತದೆ. ಬಿಸಿಲು ಮಳೆ ತಾಕದ, ಗಾಳಿ ಮಾತ್ರ ಆಡುವ ಆ ಅಟ್ಟದ ಮೇಲೆ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಅದರ ವಾಸ. ಹೊರಗಿನಿಂದ ನೋಡಿದವನಿಗೆ ಅದು ಸುಮ್ಮನೆ ಬಿದ್ದಿರುವ ರಾಶಿ. ಒಳಗಾದರೋ ನೀರು ಮೆಲ್ಲಮೆಲ್ಲನೆ ಇಂಗುತ್ತದೆ. ತಿರುಳು ಗಟ್ಟಿಯಾಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಡೆಗೊಂದು ದಿನ ಕಾಯನ್ನು ಅಲುಗಿಸಿದರೆ ಒಳಗೆ ಗಿಟುಕು ಗಡಗಡನೆ ಸದ್ದು ಮಾಡುತ್ತದೆ. ಆಗ ಸುಲಿದು, ಚಿಪ್ಪೊಡೆದು ತೆಗೆದ ಉಂಡೆ ಕೊಬ್ಬರಿ ತಿಪಟೂರಿನ ಮಾರುಕಟ್ಟೆಯನ್ನು ಸೇರಿ, ಅಲ್ಲಿಂದ ಉತ್ತರ ದೇಶದ ಮದುವೆ ಹಬ್ಬಗಳವರೆಗೂ ಹೋಗುತ್ತದೆ. ಇಲ್ಲಿ ಇಡುವುದೇ ಒಂದು ಕೆಲಸ, ಕಾಲವೇ ಅಲ್ಲಿಯ ಕೆಲಸಗಾರ. ಇಟ್ಟದ್ದು ಇಟ್ಟಂತೆಯೇ ಇರಲಿಲ್ಲ, ಪಕ್ವವಾಯಿತು.

ಇದರಿಂದ ಮೊದಲನೆಯ ಲಕ್ಷಣವೊಂದು ದೊರೆಯುತ್ತದೆ. ಧರ್ಮ್ಯವಾದ ಸಂಗ್ರಹಕ್ಕೆ ಒಂದು ಪ್ರಯೋಜನವೂ ಒಂದು ಅವಧಿಯೂ ಇರತಕ್ಕದ್ದು. ಅವಧಿ ಮೀರಿದ ಕೊಬ್ಬರಿ ಮುಗ್ಗಿ ಕನರುತ್ತದೆ. ಹದವನ್ನು ಅರಿತವನು ಅಟ್ಟವನ್ನು ತುಂಬಲೂ ಬಲ್ಲ, ತೆರವು ಮಾಡಲೂ ಬಲ್ಲ.

ಎರಡನೆಯ ಲಕ್ಷಣವು ಅಟ್ಟದಿಂದ ಕಾಯಿ ಇಳಿದ ಮೇಲೆ ಕಾಣುತ್ತದೆ. ಬಲಿತ ಕಾಯಿಯ ತೂಕದಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಟ್ಟೆಯೇ. ತಿರುಳನ್ನು ಮಾತ್ರ ಬೆಲೆಯುಳ್ಳದ್ದೆಂದು ತಿಳಿದವನಿಗೆ ಉಳಿದುದೆಲ್ಲ ಕಸ. ಈ ಸೀಮೆಯ ಹಳೆಯ ಮನೆವಾರ್ತೆಯಲ್ಲಿ ಹಾಗಿರಲಿಲ್ಲ. ಮಟ್ಟೆಯ ನಾರು ಹಗ್ಗವಾಯಿತು; ಚಿಪ್ಪು ಒಲೆಗೆ ಸೌದೆಯೂ ಅಡಿಗೆಮನೆಗೆ ಸೌಟೂ ಆಯಿತು; ಸೋಗೆ ಚಪ್ಪರಕ್ಕೆ, ಕಡ್ಡಿ ಪೊರಕೆಗೆ ಸಂದಿತು. ಹೊಸ ಕಾಲದ ವಿಜ್ಞಾನವು ಇದನ್ನು ಅಲ್ಲಗಳೆಯದೆ ಮುಂದುವರಿಸಿದೆ. ಚಿಪ್ಪಿನ ಇದ್ದಿಲನ್ನು ಸಂಸ್ಕರಿಸಿ ನೀರನ್ನು ಶುದ್ಧಿಗೊಳಿಸಲು ಬಳಸುತ್ತಾರೆ. 1914ರಿಂದ 18ರ ಮಹಾಯುದ್ಧದಲ್ಲಿ ಅದೇ ಇದ್ದಿಲು ವಿಷವಾಯುವನ್ನು ತಡೆಯುವ ಮುಖವಾಡಗಳಲ್ಲಿ ಸೇರಿತ್ತು. ಒಂದು ಕಾಲಕ್ಕೆ ಗುಡ್ಡೆಗುಡ್ಡೆಯಾಗಿ ಬಿದ್ದಿರುತ್ತಿದ್ದ ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿಟ್ಟುಕೊಳ್ಳುವುದೆಂದು ಕಂಡುಬಂದ ಮೇಲೆ ಸಸಿ ಬೆಳೆಸುವವರು ಅದನ್ನು ಅರಸಿ ಬರುತ್ತಾರೆ. 1916ರಲ್ಲಿ ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆ ಮೊದಲಾಯಿತು. ಅಲ್ಲಿಯ ಸಂಸ್ಥೆಯವರು ಮರದ ಸುತ್ತ ಮಟ್ಟೆಯನ್ನು ಹೂಳಬೇಕೆಂದು ಬೋಧಿಸುತ್ತಾರೆ. ಹೂತ ಮಟ್ಟೆ ಮಳೆಯ ನೀರನ್ನು ಹಿಡಿದಿಟ್ಟು, ಕೆಲವು ವರ್ಷಗಳಲ್ಲಿ ಕರಗಿ, ನೆಲದಿಂದ ಪಡೆದ ಸಾರವನ್ನು ನೆಲಕ್ಕೇ ಕೊಡುತ್ತದೆ. ಹೀಗೆ ಕೂಡಿಟ್ಟದ್ದಕ್ಕೆ ಹಿಂದಿರುಗುವ ದಾರಿ ಇರತಕ್ಕದ್ದೆಂಬುದು ಎರಡನೆಯ ಲಕ್ಷಣ. ಋಣವೆಂಬ ಮಾತನ್ನು ದೇವ, ಋಷಿ, ಪಿತೃಗಳಿಗೆ ಮಾತ್ರ ಸಲ್ಲುವಂತೆ ಹೇಳುವುದು ರೂಢಿ. ತೋಟದ ಮಣ್ಣಿಗೂ ಅದು ಸಲ್ಲುತ್ತದೆ. ಮಟ್ಟೆಯನ್ನೆಲ್ಲ ಗಾಡಿಗೆ ತುಂಬಿ ಮಾರಿ, ತೋಟಕ್ಕೆ ಏನನ್ನೂ ಸಲ್ಲಿಸದವನು ವರ್ಷವರ್ಷವೂ ಸಾಲಗಾರನಾಗುತ್ತಾನೆ, ಆ ಸಾಲದ ಲೆಕ್ಕ ಯಾವ ಬ್ಯಾಂಕಿನ ಪುಸ್ತಕದಲ್ಲಿಯೂ ಕಾಣುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಕಠಿನವಾದುದು. ಇಡುವ ಶಕ್ತಿ ಎಲ್ಲರಿಗೂ ಸಮನಾಗಿಲ್ಲ. ನೂರು ಮರದ ಒಡೆಯನು ಧಾರಣೆ ಬಿದ್ದಾಗ ಅಟ್ಟದ ಬಾಗಿಲನ್ನು ಹಾಕಿಕೊಂಡು ಕಾಯಬಲ್ಲ. ಹತ್ತು ಮರದವನಿಗೆ ಮಗಳ ಮದುವೆಯೋ, ಮಗನ ಕಾಲೇಜಿನ ಶುಲ್ಕವೋ, ಆಸ್ಪತ್ರೆಯ ಖರ್ಚೋ ಬಾಗಿಲಲ್ಲಿ ನಿಂತಿರುತ್ತದೆ. ಅವನ ಕಾಯಿ ಪಕ್ವವಾಗುವ ಮೊದಲೇ ಅಂಗಡಿಗೆ ಸಲ್ಲುತ್ತದೆ. ಅವನು ಅಗ್ಗಕ್ಕೆ ಮಾರಿದ್ದನ್ನು ಇನ್ನೊಬ್ಬನು ಇಟ್ಟು ಲಾಭ ಹೊಂದುತ್ತಾನೆ. ಈ ಅನ್ಯಾಯವನ್ನು ರಾಜ್ಯವು ಕಾಣದೆ ಇರಲಿಲ್ಲ. 1957ರಲ್ಲಿ ಕೇಂದ್ರ ಉಗ್ರಾಣ ನಿಗಮ ಹುಟ್ಟಿತು. 2007ರ ಕಾನೂನು ಉಗ್ರಾಣದ ರಸೀತಿಯನ್ನು ಕೈಯಿಂದ ಕೈಗೆ ವರ್ಗಾಯಿಸಬಹುದಾದ ಪತ್ರವನ್ನಾಗಿ ಮಾಡಿ, ಮಾಲನ್ನು ಮಾರದೆಯೇ ಅದರ ಆಧಾರದ ಮೇಲೆ ಸಾಲ ಪಡೆಯುವ ಮಾರ್ಗವನ್ನು ಗಟ್ಟಿಪಡಿಸಿತು. ಸರಕಾರವು ಕೊಬ್ಬರಿಗೆ ಬೆಂಬಲಬೆಲೆಯನ್ನೂ ಸಾರುತ್ತದೆ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ ಎಂದು ಗೊತ್ತಾಗಿತ್ತು. ಇವೆಲ್ಲವುಗಳ ತಾತ್ಪರ್ಯ ಒಂದೇ: ಬಡವನಿಗೂ ಕಾಯುವ ಶಕ್ತಿ ಬರಲಿ ಎಂಬುದು. ಯಾವ ಸಂಗ್ರಹವು ಪಕ್ಕದವನ ಅವಸರದಿಂದ ಬೆಳೆಯುತ್ತದೆಯೋ ಅದು ಅಟ್ಟದಲ್ಲಿದ್ದರೂ ಪರಿಗ್ರಹವೇ ಸರಿ.

ಇಷ್ಟನ್ನು ನಿಶ್ಚಯಿಸಿಕೊಂಡು ನಗರದ ಕಡೆಗೆ ನೋಡಿದರೆ ಅಲ್ಲಿ ಮತ್ತೊಂದು ಬಗೆಯ ಅಟ್ಟ ತೋರುತ್ತದೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಬೇರೂರಿದ ಒಂದು ವ್ಯಾಪಾರ ಈಗ ಬೆಂಗಳೂರಿನಲ್ಲಿಯೂ ನಡೆಯುತ್ತಿದೆ. ಮನೆಯಲ್ಲಿ ಹಿಡಿಸದ ಸಾಮಾನನ್ನು ತಿಂಗಳ ಬಾಡಿಗೆ ಕೊಟ್ಟು ಪರರ ಕೋಣೆಯಲ್ಲಿಟ್ಟು ಬೀಗ ಹಾಕುವುದು ಅದರ ಕ್ರಮ. ಇದನ್ನು ನಡೆಸುವವರಲ್ಲಿ ಪ್ರಾಜ್ಞರಾದವರು ಪ್ರಕೃತಿಗೆ ಹಾನಿಯಾಗದಂತೆ ಹಲವು ಏರ್ಪಾಡುಗಳನ್ನು ಮಾಡುತ್ತಾರೆ. ರಟ್ಟಿನ ಪೆಟ್ಟಿಗೆಗಳನ್ನು ಬಿಸಾಡದೆ ಒಬ್ಬರಿಂದ ಪಡೆದು ಇನ್ನೊಬ್ಬರಿಗೆ ಕೊಡುವುದು, ಛಾವಣಿಯ ಮೇಲೆ ಸೂರ್ಯಶಕ್ತಿಯ ಫಲಕಗಳನ್ನಿಡುವುದು, ಜನ ಬಂದಾಗ ಮಾತ್ರ ಉರಿಯುವ ದೀಪಗಳನ್ನು ಹಾಕುವುದು, ಇವೆಲ್ಲ ಅಂತಹವು. ಹೀಗಿರುವಾಗ ದೋಷವೆಲ್ಲಿ ಎಂದು ಕೇಳಬಹುದು.

ಸಮಾಧಾನ: ಈ ಏರ್ಪಾಡುಗಳು ಶ್ಲಾಘ್ಯವಾದವೇ. ವರ್ಗವಾದ ನೌಕರನಿಗೂ, ಮನೆ ದುರಸ್ತಿ ಮಾಡಿಸುವವನಿಗೂ ಅಂತಹ ಕೋಣೆ ಉಪಕಾರಿ. ಅವರ ಸಂಗ್ರಹಕ್ಕೆ ಪ್ರಯೋಜನವೂ ಅವಧಿಯೂ ಇವೆ. ಆದರೆ ವರ್ಷಗಟ್ಟಲೆ ಯಾರೂ ತೆರೆಯದ ಕೋಣೆಯಲ್ಲಿ ಮಂಚ ಯಾರನ್ನೂ ಮಲಗಿಸದೆ, ಪಾತ್ರೆ ಯಾರಿಗೂ ಅಡಿಗೆ ಮಾಡದೆ, ಪುಸ್ತಕ ಯಾರಿಗೂ ಓದಿಸದೆ ಬಿದ್ದಿದ್ದರೆ, ಪೆಟ್ಟಿಗೆಯ ರಟ್ಟನ್ನು ಹತ್ತು ಸಲ ಬಳಸಿದರೂ ಒಳಗಿನದು ಒಂದು ಸಲವೂ ಬಳಕೆಯಾಗಲಿಲ್ಲ. ಹೊಚ್ಚನ್ನು ಮರುಬಳಸಿ ಒಡಲನ್ನು ವ್ಯರ್ಥಗೊಳಿಸುವುದು ಮಿತವ್ಯಯವೆನಿಸಲಾರದು. ಅಂತಹ ಉಗ್ರಾಣದ ಒಡೆಯನು ಬಾಡಿಗೆಯ ಚೀಟಿಯೊಡನೆ ವರ್ಷಕ್ಕೊಮ್ಮೆ ‘ಇದು ಇನ್ನೂ ಬೇಕೇ?’ ಎಂದು ಕೇಳಿ, ಬೇಡವೆಂದದ್ದನ್ನು ಬೇಕಾದವರಿಗೆ ಮುಟ್ಟಿಸುವ ಏರ್ಪಾಡು ಮಾಡಿದರೆ, ಛಾವಣಿಯ ಫಲಕಗಳಿಗಿಂತ ದೊಡ್ಡ ಪುಣ್ಯವನ್ನು ಗಳಿಸಿಯಾನು. ಅವನ ಆದಾಯ ಸ್ವಲ್ಪ ತಗ್ಗೀತು. ಆ ತಗ್ಗುವಿಕೆಯಲ್ಲಿಯೇ ಅವನ ಮಾತಿನ ಪರೀಕ್ಷೆ.

ಹೀಗೆ ನೋಡಿದರೆ ಮೊದಲು ಕಂಡ ವಿರೋಧವು ತಾನಾಗಿ ಪರಿಹಾರವಾಗುತ್ತದೆ. ಅಪರಿಗ್ರಹವೆಂದರೆ ಮನೆಯಲ್ಲಿ ಏನೂ ಇಲ್ಲದಿರುವುದಲ್ಲ; ಇರುವುದರಲ್ಲಿ ಯಾವುದೂ ಸೆರೆಯಲ್ಲಿಲ್ಲದಿರುವುದು. ಕಣಜವುಳ್ಳ ಗೃಹಸ್ಥನೂ ಈ ಅರ್ಥದಲ್ಲಿ ಅಪರಿಗ್ರಹಿಯಾಗಬಲ್ಲ. ಒಂದೇ ಮಡಕೆಯುಳ್ಳವನೂ ಪರಿಗ್ರಹಿಯಾಗಬಲ್ಲ. ಹದ ಬಂದ ಕಾಯಿ ಒಳಗಿನಿಂದಲೇ ಸದ್ದು ಮಾಡಿ ತನ್ನನ್ನು ಇಳಿಸೆಂದು ತಿಳಿಸುತ್ತದೆ. ಮನುಷ್ಯನು ಇಟ್ಟ ಉಳಿದ ವಸ್ತುಗಳಿಗೆ ಆ ದನಿಯಿಲ್ಲ. ಆದಕಾರಣ ಅವುಗಳ ಪರವಾಗಿ ಅವನ ವಿವೇಕವೇ ಆಗಾಗ ಸದ್ದು ಮಾಡತಕ್ಕದ್ದು.